ಚಕ್ಕುಬಂದಿಯಲ್ಲಿ ನಿಮ್ಮ ಹೆಸರು

ಸಾಲ ಮಂಜೂರಾಯ್ತು ಅಂತ ಸಿಹಿ ಹಂಚುವ ಕಾಲ ಬಂತು ನೋಡಿ. ನಮ್ಮ ತಂಗಿ ಮಗಳು ಆವತ್ತು ಫೋನ್ ಮಾಡಿ 'ದೊಡ್ಡಮ್ಮಾ, ಲೋನ್ ಸ್ಯಾಂಕ್ಷನ್ ಆಯ್ತು' ಅಂದಾಗ ಅವಳ ದನಿಯಲ್ಲಿದ್ದ ಸಂಭ್ರಮ ಪಿಯುಸಿ ರಿಸಲ್ಟು ಬಂದ ದಿನವೂ ಇರಲಿಲ್ಲ. ನಮ್ಮಪ್ಪನ ಕಾಲದಲ್ಲಿ ಸಾಲದ ಮಾತು ಬಂತೆಂದರೆ ದೊಡ್ಡವರು ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡು ಪಿಸುಗುಡುತ್ತಿದ್ದರು. ಈಗ ಹಾಗಲ್ಲ. ಒಂದು ಬ್ಯಾಂಕು ನಲವತ್ತು ಲಕ್ಷ ನಂಬಿ ಕೊಡುತ್ತೆ ಅಂದರೆ ಆ ಹುಡುಗಿ ಇಷ್ಟು ವರ್ಷ ದುಡಿದದ್ದಕ್ಕೆ ಸಿಕ್ಕ ಮರ್ಯಾದೆ ಅದು. ನಿಮ್ಮ ಮಗನೂ ಮನೆ ನೋಡುತ್ತಿದ್ದಾನೆ ಅಂತ ಹೇಳಿದಿರಲ್ಲ, ಆವಾಗಿನಿಂದ ಇವಳ ಕಥೆ ನಿಮಗೆ ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಸೊಪ್ಪು ಬಿಡಿಸ್ತಾ ಕೇಳಿ, ಅವಸರವೇನಿಲ್ಲ ಅಲ್ವಾ?

ಸ್ವಂತ ಮನೆ ಬೇಕೇ ಬೇಕು ಅಂತ ಅವಳಿಗೆ ಹಟ ಬಂದದ್ದು ಒಂದು ಮೊಳೆಯಿಂದ. ಬೆಂಗಳೂರಿನ ಬಾಡಿಗೆ ಮನೆ ಅಂದರೆ ಗೊತ್ತಲ್ಲ, ಹನ್ನೊಂದು ತಿಂಗಳ ಕರಾರು, ಅದು ಮುಗಿಯುವ ಹೊತ್ತಿಗೆ ಬಾಡಿಗೆ ಏರಿಸುವ ಮಾತು, ಬಿಡುವಾಗ ಪೇಂಟಿಂಗಿಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು ಮುರಿದುಕೊಳ್ಳೋದು. ಇದನ್ನೆಲ್ಲ ಸಹಿಸಿಕೊಂಡಿದ್ದಳು. ತಾತನ ಫೋಟೋ ಹಾಕೋಕೆ ಗೋಡೆಗೊಂದು ಮೊಳೆ ಹೊಡೀತೀನಿ ಅಂದಾಗ ಓನರಮ್ಮ ಸುತಾರಾಂ ಆಗಲ್ಲ ಅಂದುಬಿಟ್ಟರಂತೆ. ಫೋಟೋ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡೇ ಇತ್ತು. 'ಒಂದು ಮೊಳೆಗೂ ಇನ್ನೊಬ್ಬರ ಅಪ್ಪಣೆ ಕೇಳಬೇಕಾ?' ಅಂದಳು. ಬಾಡಿಗೆ ಕಟ್ಟುವ ಬದಲು ಕಂತು ಕಟ್ಟು ಅಂತ ಯಾರು ಎಷ್ಟೇ ಲೆಕ್ಕ ಬಿಡಿಸಿ ಹೇಳಲಿ, ಸ್ವಂತ ಮನೆಯ ಆಸೆ ಹುಟ್ಟೋದು ಇಂಥ ಸಣ್ಣ ಜಾಗದಿಂದಲೇ.

ಆಮೇಲೆ ಭಾನುವಾರ ಬಂದರೆ ಬ್ರೋಕರ್ ಹಿಂದೆ ಮನೆ ನೋಡೋದು. ನಾನೂ ಎರಡು ಮೂರು ಸಲ ಜೊತೆಗೆ ಹೋಗಿದ್ದೆ. ನಮ್ಮದೆಲ್ಲ ಚದರದ ಲೆಕ್ಕ ಅಲ್ವಾ? ಹತ್ತು ಚದರದ ಮನೆ ಅಂದರೆ ಸಾವಿರ ಚದರಡಿ, ಅಲ್ಲಿಗೆ ಮಾತು ಮುಗೀತು. ಫ್ಲ್ಯಾಟಿನ ಲೆಕ್ಕ ಹಾಗಲ್ಲ ಕಣ್ರೀ. ಸಾವಿರದ ಇನ್ನೂರು ಅಂತ ಹೇಳುತ್ತಾರೆ, ಒಳಗೆ ಕಾಲಿಟ್ಟು ಟೇಪು ಹಿಡಿದರೆ ಒಂಬೈನೂರಕ್ಕೆ ನಿಲ್ಲುತ್ತೆ. ಮಿಕ್ಕಿದ್ದೆಲ್ಲಿ ಅಂದರೆ ಮೆಟ್ಟಿಲು, ಲಿಫ್ಟು, ಕಾರಿಡಾರು, ಕೆಳಗೆ ಸೆಕ್ಯೂರಿಟಿಯವನು ಕೂತಿರುವ ಜಾಗ, ಎಲ್ಲದರಲ್ಲೂ ನಮಗೊಂದು ಪಾಲು. ಸೂಪರ್ ಬಿಲ್ಟಪ್ ಅಂತ ಅದಕ್ಕೆ ಹೆಸರು. 2016ರ ರೇರಾ ಕಾಯ್ದೆ ಬಂದ ಮೇಲೆ ಹೊಸ ಕಟ್ಟಡಗಳಲ್ಲಿ ಕಾರ್ಪೆಟ್ ಏರಿಯಾ ಎಷ್ಟು ಅಂತ ಬರೆದೇ ಕೊಡಬೇಕು. ಆದರೂ ಬ್ರೋಕರ್ ಬಾಯಲ್ಲಿ ಬರೋದು ಮಾತ್ರ ದೊಡ್ಡ ಅಂಕಿಯೇ. ಟೇಪು ಮನೆಯಿಂದಲೇ ತೆಗೆದುಕೊಂಡು ಹೋಗೋದು ಒಳ್ಳೇದು. ಮಂಚ, ಬೀರು, ಫ್ರಿಜ್ಜು ಇವುಗಳ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಂಡಿರಬೇಕು. ನಮ್ಮ ಹುಡುಗಿ ಹಾಗೇ ಮಾಡಿದಳು. ಒಂದು ಕಡೆ ಕೋಣೆ ಚೆನ್ನಾಗಿದೆ ಅಂತ ಎಲ್ಲರೂ ತಲೆದೂಗುತ್ತಿರುವಾಗ ಅವಳು ಅಳೆದು ನೋಡಿ, ಮಂಚ ಹಾಕಿದರೆ ಬೀರುವಿನ ಬಾಗಿಲು ತೆಗೆಯೋಕೆ ಆಗಲ್ಲ ಅಂದಳು. ಬ್ರೋಕರ್ ಸುಮ್ಮನಾದ.

ದಿಕ್ಕಿನ ವಿಷಯವಂತೂ ಕೇಳಲೇಬೇಡಿ. ಎಲ್ಲರಿಗೂ ಈಸ್ಟ್ ಫೇಸಿಂಗ್ ಬೇಕು. ಸ್ವಂತ ಸೈಟಾದರೆ ಸರಿ, ಬಾಗಿಲು ಪೂರ್ವಕ್ಕೆ ಇಟ್ಟರೆ ಬೆಳಗಿನ ಬಿಸಿಲು ಹೊಸ್ತಿಲಿಗೇ ಬೀಳುತ್ತೆ. ಫ್ಲ್ಯಾಟಿನಲ್ಲಿ ಬಾಗಿಲು ತೆಗೆದರೆ ಎದುರಿಗಿರೋದು ಕಾರಿಡಾರು, ಅದರಾಚೆ ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡು. ಬಿಸಿಲು ಬರೋದು ಬಾಲ್ಕನಿ ಕಡೆಯಿಂದ. ನನ್ನ ಕೇಳಿದರೆ ಬಾಗಿಲಿನ ದಿಕ್ಕಿಗಿಂತ ಬಟ್ಟೆ ಒಣಗುವ ದಿಕ್ಕು ನೋಡಬೇಕು. ಹಾಗಂತ ನಂಬಿಕೆಯನ್ನ ತಳ್ಳಿಹಾಕೋಕೂ ಆಗಲ್ಲ ಬಿಡಿ. ಜೀವಮಾನದ ದುಡ್ಡು ಹಾಕುವಾಗ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇಟ್ಟುಕೊಂಡು ಬದುಕೋದು ಕಷ್ಟ.

ಸೈಟು ಅಂದೆನಲ್ಲ, ನಮ್ಮಪ್ಪನ ಮನೆ ನೆನಪಾಯ್ತು. ಅಪ್ಪ ಮೇಷ್ಟ್ರು. ಅವರಿಗೆ ಕುವೆಂಪುನಗರದಲ್ಲಿ ಸೈಟು ಕೊಟ್ಟದ್ದು ಸಿಐಟಿಬಿ, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು. ಮುಡಾ ಅಂತ ಆದದ್ದು 1988ರಲ್ಲಿ, ಅದಕ್ಕೆ ಮುಂಚೆ ಎಲ್ಲರ ಬಾಯಲ್ಲೂ ಸಿಐಟಿಬಿಯೇ. ಅದು ಸಾಮಾನ್ಯ ಸಂಸ್ಥೆಯಲ್ಲ ನೋಡಿ. ಪ್ಲೇಗು ಬಂದು ಜನ ತತ್ತರಿಸಿದ ಮೇಲೆ, ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ 1903ರಲ್ಲೇ ಮೈಸೂರಿನಲ್ಲಿ ಶುರು ಮಾಡಿದ್ದು. ಬೆಂಗಳೂರಿನಲ್ಲೂ ಮನೆ ಕಟ್ಟಿಕೊಳ್ಳಲೆಂದೇ ಸಹಕಾರ ಸಂಘ ಹುಟ್ಟಿದ್ದು 1909ರಲ್ಲಿ. ನಮ್ಮ ಕಡೆಯವರು ಮನೆಗಾಗಿ ಕೂಡಿ ಯೋಚನೆ ಮಾಡಿದ್ದು ಇವತ್ತು ನಿನ್ನೆಯಲ್ಲ.

ಅಪ್ಪನಿಗೆ ಬ್ಯಾಂಕಿನ ಮನೆ ಸಾಲ ಅನ್ನೋದು ಗೊತ್ತೇ ಇರಲಿಲ್ಲ. ಮನೆಗೆ ಅಂತಲೇ ಸಾಲ ಕೊಡುವ ಎಚ್‌ಡಿಎಫ್‌ಸಿ ಶುರುವಾದದ್ದೇ 1977ರಲ್ಲಿ, ಅದೂ ಬೊಂಬಾಯಿಯಲ್ಲಿ. ಅಪ್ಪ ಮಾಡಿದ್ದು ಸರ್ಕಾರದ ಮುಂಗಡ, ಪಿಎಫ್ ಸಾಲ, ಸಾಲದ್ದಕ್ಕೆ ಅಮ್ಮನ ಎರಡೆಳೆ ಸರ. ದುಡ್ಡು ಬಂದಷ್ಟು ಗೋಡೆ ಏಳೋದು. ಪಾಯ ಹಾಕಿ ಒಂದು ವರ್ಷ ಬಿಟ್ಟಿದ್ದರು, ಅದರ ಮೇಲೆ ಬೀದಿ ಹುಡುಗರೆಲ್ಲ ಕ್ರಿಕೆಟ್ ಆಡುತ್ತಿದ್ದರು. ಆರ್‌ಸಿಸಿ ಹಾಕಿಸಿದಾಗ ಮುಂದೆ ಮಹಡಿ ಕಟ್ಟೋಣ ಅಂತ ಪಿಲ್ಲರಿನ ಕಂಬಿಗಳನ್ನ ಹಾಗೇ ಮೇಲಕ್ಕೆ ಬಿಟ್ಟರು. ಆ ಕಂಬಿಗಳ ಮಧ್ಯೆ ಹಗ್ಗ ಕಟ್ಟಿ ಅಮ್ಮ ಸೀರೆ ಒಣಗಿಸುತ್ತಿದ್ದರು. ಕೆಳಗೆ ಹಳೇ ಕಂಬಳಿ ಹಾಸಿ ಹಪ್ಪಳ ಸಂಡಿಗೆ. ಮಹಡಿ ಮಾತ್ರ ಏಳಲೇ ಇಲ್ಲ. ಈಗಲೂ ಮೈಸೂರಿನ ಯಾವ ಹಳೇ ಬಡಾವಣೆಗೆ ಹೋದರೂ ತಾರಸಿಯ ಮೇಲೆ ತುಕ್ಕು ಹಿಡಿದ ಆ ನಾಲ್ಕು ಕಂಬಿಗಳ ಗೊಂಚಲು ಕಾಣುತ್ತೆ. ನನಗೆ ಅವನ್ನ ಕಂಡರೆ ಗೌರವ. ಮಕ್ಕಳಿಗೆ ಇನ್ನೊಂದು ಅಂತಸ್ತು ಬೇಕಾಗುತ್ತೆ ಅಂತ ಯಾರೋ ಒಬ್ಬರು ಕಬ್ಬಿಣ ತುಟ್ಟಿಯಾಗಿದ್ದ ಕಾಲದಲ್ಲೂ ಮುಂದಾಲೋಚನೆ ಮಾಡಿದ್ದರು, ಅಲ್ವಾ?

ಇರಲಿ, ಎಲ್ಲಿಗೋ ಹೋದೆ. ನಮ್ಮ ಹುಡುಗಿಗೆ ಕಡೆಗೆ ಎರಡು ಮನೆ ಮನಸ್ಸಿಗೆ ಬಂದವು. ಒಂದು 60 ಲಕ್ಷದ್ದು, ಹೊಸದು, ಈಜುಕೊಳ, ಜಿಮ್ಮು ಎಲ್ಲಾ ಇರೋದು. ಇನ್ನೊಂದು ಕೆಂಗೇರಿಯಲ್ಲಿ 50 ಲಕ್ಷದ್ದು, ಹತ್ತು ವರ್ಷ ಹಳೇದು, ಎರಡೇ ಕೋಣೆ, ಆದರೆ ಮೆಟ್ರೋ ಹತ್ತಿರ, ನಮ್ಮ ಮೈಸೂರಿನ ರೈಲೂ ನಿಲ್ಲುತ್ತೆ. ಬ್ಯಾಂಕಿನವರು ಅವಳ ಸಂಬಳ, ಸಿಬಿಲ್ ಸ್ಕೋರು ಎಲ್ಲಾ ನೋಡಿ ದೊಡ್ಡ ಮನೆಗೇ ಸಾಲ ಕೊಡ್ತೀವಿ ಅಂದರು. 30 ಲಕ್ಷದ ಮೇಲೆ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯಲ್ಲಿ ನೂರಕ್ಕೆ ಎಂಬತ್ತರವರೆಗೆ ಕೊಡಬಹುದು ಅನ್ನೋದು ರಿಸರ್ವ್ ಬ್ಯಾಂಕಿನ ಲೆಕ್ಕ. ಅಂದರೆ ಅದಕ್ಕೆ 48, ಇದಕ್ಕೆ 40. ನಾನು ಬಾಯಿ ಬಿಡಲಿಲ್ಲ, ಅವಳ ದುಡಿಮೆ, ಅವಳ ತೀರ್ಮಾನ. ಅವಳೇ ರಾತ್ರಿ ಕೂತು ಲೆಕ್ಕ ಹಾಕಿದಳು. ಶೇಕಡಾ 8ರ ಬಡ್ಡಿ, ಇಪ್ಪತ್ತು ವರ್ಷ. 48 ಲಕ್ಷಕ್ಕೆ ತಿಂಗಳಿಗೆ 40,149, 40 ಲಕ್ಷಕ್ಕೆ 33,458. ಆರೂವರೆ ಸಾವಿರಕ್ಕೂ ಮೇಲೆ ಅಂತರ. 'ಕೆಲಸ ಬಿಟ್ಟು ಮೂರು ತಿಂಗಳು ಮನೇಲಿ ಕೂರಬೇಕಾಗಿ ಬಂದರೂ ಕಟ್ಟೋಕೆ ಆಗಬೇಕು' ಅಂದಳು. ಈಜುಕೊಳ ಬಿಟ್ಟಳು, ಕೆಂಗೇರಿ ಹಿಡಿದಳು. ಬ್ಯಾಂಕು ಎಷ್ಟು ಕೊಡಬಲ್ಲೆ ಅಂತ ಹೇಳುತ್ತೆಯೇ ಹೊರತು ನಿಮಗೆ ಎಷ್ಟು ಬೇಕು ಅಂತ ಹೇಳೋದಿಲ್ಲ. ಇದೊಂದು ಮಾತು ನಿಮ್ಮ ಮಗನಿಗೆ ಒತ್ತಿ ಹೇಳಿ.

ಇನ್ನೊಂದು ವಿಚಿತ್ರ ಕೇಳಿ. ಮೊದಲನೇ ತಿಂಗಳು ಕಟ್ಟಿದ 33,458ರಲ್ಲಿ 26,667 ಬಡ್ಡಿಗೇ ಹೋಗುತ್ತೆ, ಅಸಲಿಗೆ ಜಮಾ ಆಗೋದು 6,791. ಹೀಗೇ ನಡೆದು ಬಡ್ಡಿಯೂ ಅಸಲೂ ಸಮ ಆಗೋದು ಹನ್ನೆರಡನೇ ವರ್ಷದಲ್ಲಿ! ಇಪ್ಪತ್ತು ವರ್ಷಕ್ಕೆ ಬಡ್ಡಿ ಮೊತ್ತ ಸುಮಾರು 40 ಲಕ್ಷ, ಅಂದರೆ ಸಾಲದಷ್ಟೇ. ನಮ್ಮ ತಂಗಿ ಇದನ್ನ ಕೇಳಿ ಹೌಹಾರಿದಳು. ಅದಕ್ಕೂ ದಾರಿಯಿದೆ ಅನ್ನಿ. ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೆ ಸಾಲ ಮೂರು ವರ್ಷ ಮೊದಲೇ ತೀರುತ್ತೆ. ಬೋನಸ್ಸು ಬಂದಾಗ ಕಟ್ಟಿದರಾಯ್ತು. ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮುಂಚೆ ಕಟ್ಟಿದರೆ ದಂಡ ಹಾಕೋ ಹಾಗಿಲ್ಲ ಅಂತ 2012ರಲ್ಲೇ ಆದೇಶವಾಗಿದೆ.

ಬದಲಾಗುವ ಬಡ್ಡಿ ಅಂದೆನಲ್ಲ, ಅದರದ್ದೂ ಒಂದು ಆಟ. ಅದು ಕುಣಿಯೋದು ರಿಸರ್ವ್ ಬ್ಯಾಂಕಿನ ರೆಪೋ ದರದ ತಾಳಕ್ಕೆ. ಆ ದರ 2020ರಿಂದ 2022ರ ಮೇವರೆಗೆ ಶೇಕಡಾ 4 ಇತ್ತು. 2023ರ ಫೆಬ್ರವರಿ ಹೊತ್ತಿಗೆ 6.5ಕ್ಕೆ ಏರಿತು. ನಮ್ಮ ಯಜಮಾನರ ಅಕ್ಕನ ಮಗ ಕಡಿಮೆ ಬಡ್ಡಿಯ ಆ ಕಾಲದಲ್ಲಿ ಸಾಲ ಮಾಡಿದ್ದ. ದರ ಏರಿತು, ಅವನ ಕಂತು ಮಾತ್ರ ಅಷ್ಟೇ ಇತ್ತು. ಒಳ್ಳೇದಾಯ್ತಲ್ಲ ಅಂತ ಎಲ್ಲರೂ ಅಂದುಕೊಂಡೆವು. ಆಮೇಲೆ ನೋಡಿದರೆ ಕಂತಿನ ದುಡ್ಡು ಹೆಚ್ಚೂ ಕಡಿಮೆ ಪೂರ್ತಿ ಬಡ್ಡಿಗೇ ಹೋಗುತ್ತಿದೆ, ಸಾಲದ ಅವಧಿ ಸದ್ದಿಲ್ಲದೆ ಬೆಳೆದು ಕೂತಿದೆ. ಇಂಥದ್ದು ದೇಶದ ತುಂಬಾ ಆಯ್ತು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ದರ ಬದಲಾದಾಗ ಗ್ರಾಹಕರಿಗೆ ತಿಳಿಸಿ, ಕಂತು ಏರಿಸಬೇಕಾ ಅವಧಿ ಬೆಳೆಸಬೇಕಾ ಅಂತ ಅವರನ್ನೇ ಕೇಳಿ ಅಂತ ಹೇಳಿತು. 2025ರಲ್ಲಿ ದರ ಇಳಿಯುತ್ತಾ ಬಂದು ಡಿಸೆಂಬರಿಗೆ 5.25 ಆಯ್ತು. ಇಳಿದಾಗಲೂ ಸುಮ್ಮನೆ ಕೂರಬಾರದು, ನಮ್ಮ ಸಾಲಕ್ಕೆ ಇಳಿಸಿದ್ದಾರಾ ಅಂತ ನೋಡಬೇಕು. ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟು ತೆಗೆದು ಓದೋದು ದೊಡ್ಡ ಕೆಲಸವೇನಲ್ಲ, ಅಲ್ವಾ?

ಕೈಯಿಂದ ಹಾಕುವ ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ, ಇಲ್ಲೇ ಹುಡುಗರು ತಡವರಿಸೋದು. 50 ಲಕ್ಷದಲ್ಲಿ ಬ್ಯಾಂಕು 40 ಕೊಟ್ಟರೆ 10 ನಮ್ಮದು. ಅಷ್ಟಕ್ಕೇ ಮುಗಿಯಲಿಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಯ್ತು. ಒಟ್ಟು 3 ಲಕ್ಷದ 80 ಸಾವಿರ. ಇದಕ್ಕೆ ಬ್ಯಾಂಕು ಸಾಲ ಕೊಡಲ್ಲ. ಆಮೇಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ನೂರಕ್ಕೊಂದು ಟಿಡಿಎಸ್ ಹಿಡಿದು ಕೊಳ್ಳುವವರೇ ಸರ್ಕಾರಕ್ಕೆ ಕಟ್ಟಬೇಕು. ಮರೆತರೆ ನೋಟಿಸು ಬರೋದು ಕೊಂಡವರಿಗೆ.

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರ್ತೀನಿ. ಪತ್ರಗಳು! ಮೂಲಪತ್ರ, ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಇ.ಸಿ., ನಕ್ಷೆ, ಎಲ್ಲಾ ಒಂದು ಕಡೆ ಹರಡಿಕೊಂಡು ಕೂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಮಾರುವವರು ಕೊಟ್ಟ ಕಟ್ಟಿನಲ್ಲಿ ಆ ಜಮೀನು ಹೊಲವಾಗಿದ್ದ ಕಾಲದ ಒಂದು ಹಳೇ ಕ್ರಯಪತ್ರದ ನಕಲು ಇತ್ತು. ಪತ್ರ ಬರಹಗಾರರ ಆ ಉದ್ದುದ್ದ ಅಕ್ಷರ. ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಅಂತ ಅಷ್ಟಭೋಗಗಳ ಸಮೇತ ಮಾರಿದ್ದೇನೆ ಅಂತ ಬರೆದಿದ್ದಾರೆ. ನಮ್ಮ ಊರುಗಳ ಕಲ್ಲಿನ ಶಾಸನಗಳಲ್ಲಿ, ತಾಮ್ರಪಟಗಳಲ್ಲಿ ಇರುವ ಸಾಲೇ ಅದು. ರಾಜರು ಅಗ್ರಹಾರ ದಾನ ಕೊಟ್ಟಾಗ ಬರೆಸಿದ್ದು ಗುಮಾಸ್ತರ ಕೈಯಲ್ಲಿ ಬೆಳೆದು ಕೆಂಗೇರಿಯ ಹೊಲದವರೆಗೂ ಬಂದಿದೆ. ಅದನ್ನ ಅವಳಿಗೆ ಓದಿ ಹೇಳಿದೆ. 'ಮೂರನೇ ಮಹಡಿಯಲ್ಲಿ ನನಗೆ ಯಾವ ಮರ, ಯಾವ ನೀರು ದೊಡ್ಡಮ್ಮ?' ಅಂದಳು. ನೆಲದಲ್ಲಿ ಅವಳಿಗೂ ಪಾಲಿದೆ ಕಣ್ರೀ. ಫ್ಲ್ಯಾಟಿನ ಕ್ರಯಪತ್ರದಲ್ಲಿ ಎ ಶೆಡ್ಯೂಲು ಅಂತ ಇಡೀ ಜಾಗ, ಬಿ ಅಂತ ಅದರಲ್ಲಿ ನಮ್ಮ ಅವಿಭಾಜ್ಯ ಪಾಲು, ಸಿ ಅಂತ ಮನೆ. ಬಿಯಲ್ಲಿ ಎಷ್ಟು ಚದರಡಿ ಬರೆದಿದ್ದಾರೆ ಅನ್ನೋದನ್ನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಕಟ್ಟಡ ಹಳೇದಾಗುತ್ತಾ ಹೋದ ಹಾಗೆ ಬೆಲೆ ಉಳಿಯೋದು ಅದಕ್ಕೇ.

ಚಕ್ಕುಬಂದಿ ಇನ್ನೂ ಚೆಂದ. ನಮ್ಮ ಈ ಮನೆ ಪತ್ರ ನೀವು ನೋಡಿದ್ದೀರಾ? 'ಉತ್ತರಕ್ಕೆ' ಅಂತ ಇರುವ ಕಡೆ ನಿಮ್ಮ ಮಾವನವರ ಹೆಸರಿದೆ. ಅವರು ಹೋಗಿ ಇಷ್ಟು ವರ್ಷವಾಯ್ತು, ಆದರೂ ನಮ್ಮ ಪತ್ರದಲ್ಲಿ ನಮ್ಮ ಮನೆಗೆ ಉತ್ತರದ ಎಲ್ಲೆ ಅವರೇ. ನಿಮ್ಮ ಪತ್ರ ತೆಗೆದು ನೋಡಿ, ದಕ್ಷಿಣಕ್ಕೆ ನಮ್ಮ ಯಜಮಾನರ ತಂದೆ ಇರುತ್ತಾರೆ. ನಾವು ಮಾವಿನಕಾಯಿ ವಿಷಯಕ್ಕೆ ಮಾತು ಬಿಟ್ಟಿದ್ದ ಆ ದಿನಗಳಲ್ಲೂ ಒಬ್ಬರ ಪತ್ರದೊಳಗೆ ಇನ್ನೊಬ್ಬರು ಇದ್ದೇ ಇದ್ದೆವು. ಅದಕ್ಕೇ ನಾನು ಅವಳಿಗೆ, ಮನೆ ಒಪ್ಪುವ ಮುಂಚೆ ಅಕ್ಕಪಕ್ಕದವರನ್ನ ಒಮ್ಮೆ ಮಾತಾಡಿಸಿಕೊಂಡು ಬಾ ಅಂದೆ. ಹೋದಳು. ಎದುರು ಮನೆಯವರು ಕಾಫಿ ಕೊಟ್ಟು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಎಷ್ಟು ಸಲ ಬರುತ್ತೆ, ಅಸೋಸಿಯೇಷನ್ನಿನಲ್ಲಿ ಲೆಕ್ಕ ಸರಿಯಾಗಿ ಇಡುತ್ತಾರಾ, ಎಲ್ಲಾ ಹೇಳಿ ಕಳಿಸಿದರು. ಯಾವ ಬ್ರೋಕರೂ ಹೇಳದ ಸಂಗತಿಗಳು.

ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರದ ವಿಷಯ ಹೇಳಲೇಬೇಕು. ಕಾವೇರಿ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಆದರೆ ಅದರಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚಿನದು. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕು. ಇ.ಸಿ.ಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತೆ, ಕೋರ್ಟಿನ ದಾವೆ ಕಾಣಲ್ಲ, ಬಾಯಿಮಾತಿನ ಪಾಲುಪಾರಿಕತ್ತು ಕಾಣಲ್ಲ. ಬ್ಯಾಂಕಿನ ವಕೀಲರು ಪತ್ರ ನೋಡ್ತಾರಲ್ಲ ಅಂತ ಹುಡುಗರು ನಿಶ್ಚಿಂತೆಯಿಂದ ಇರುತ್ತಾರೆ. ಅವರು ನೋಡೋದು ಬ್ಯಾಂಕಿನ ದುಡ್ಡಿನ ಕ್ಷೇಮ. ನಮ್ಮ ಕಡೆಯಿಂದ ಒಬ್ಬ ಅನುಭವಸ್ಥ ವಕೀಲರಿಗೆ ದುಡ್ಡು ಕೊಟ್ಟು ಮೂಲಪತ್ರದಿಂದ ಓದಿಸಿದರೆ ಅದರಷ್ಟು ಲಾಭದ ಖರ್ಚು ಇನ್ನೊಂದಿಲ್ಲ. ಇವಳ ವಕೀಲರು ಯಾರದೋ ಸಹಿ ಇಲ್ಲದ ಒಂದು ವಂಶವೃಕ್ಷ ಹಿಡಿದುಕೊಂಡು, ಈ ಮನೆತನದ ಹೆಣ್ಣುಮಕ್ಕಳು ಎಲ್ಲಿ ಅಂತ ಕೇಳಿದರು. ಇಬ್ಬರು ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ ಹುಡುಕಿ ತರಿಸುವವರೆಗೂ ಮುಂದಕ್ಕೆ ಹೋಗಲು ಬಿಡಲಿಲ್ಲ.

ರಿಜಿಸ್ಟ್ರೇಷನ್ ದಿನ ಶುಕ್ರವಾರ, ಸ್ಲಾಟು ಸಿಕ್ಕಿದ್ದು ಹನ್ನೊಂದಕ್ಕೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ! ನಮ್ಮ ತಂಗಿ ಮುಖ ಸಣ್ಣದು ಮಾಡಿಕೊಂಡು ಕೂತಳು. ಅಷ್ಟರಲ್ಲಿ ಸರ್ವರ್ ನಿಧಾನ ಆಯ್ತು, ಸರದಿ ಹಿಂದಕ್ಕೆ ಹೋಯ್ತು, ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಹನ್ನೆರಡು ದಾಟಿತ್ತು. ಸರ್ವರ್ ಕೈಕೊಟ್ಟದ್ದಕ್ಕೆ ಆ ಕಚೇರಿಯಲ್ಲಿ ಖುಷಿಪಟ್ಟವಳು ಅವಳೊಬ್ಬಳೇ ಇರಬೇಕು. ಅಲ್ಲಿ ತೆಗೆಯುವ ಫೋಟೋ ನೋಡಿದ್ದೀರಲ್ಲ, ಮಾರಿದವರೂ ನಗಲ್ಲ, ಕೊಂಡವರೂ ನಗಲ್ಲ. ಬ್ಯಾಂಕಿನ ಹುಡುಗ ಚೆಕ್ಕು ಅಂಗಿ ಜೇಬಿನಲ್ಲಿಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಸಹಿ ಆದ ಮೇಲೆ ಚೆಕ್ಕು ಆ ಕಡೆ, ಪತ್ರ ಬ್ಯಾಂಕಿನ ಕಡೆ. ಮನೆಯ ಒಡತಿಯ ಕೈಗೆ ಉಳಿದದ್ದು ಜೆರಾಕ್ಸ್ ಪ್ರತಿ. ಅಸಲು ಪತ್ರ ಸಾಲ ತೀರುವವರೆಗೂ ಬ್ಯಾಂಕಿನಲ್ಲೇ. ತೀರಿದ ಮೇಲೆ 30 ದಿನದೊಳಗೆ ವಾಪಸ್ಸು ಕೊಡಬೇಕು, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಅನ್ನೋದು 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಬಹಳ ಒಳ್ಳೇ ನಿಯಮ ಅದು.

ಗೃಹಪ್ರವೇಶಕ್ಕೆ ಗೋವು ತರಿಸಿದ್ದರು. ಮೂರನೇ ಮಹಡಿಗೆ ಅದನ್ನ ಹತ್ತಿಸೋದು ಹೇಗೆ? ಪುರೋಹಿತರು ಕೆಳಗೆ ಪಾರ್ಕಿಂಗಿನಲ್ಲೇ ಪೂಜೆ ಮಾಡಿಸಿ, ಎ ಶೆಡ್ಯೂಲಿನ ನೆಲವೂ ನಿಮ್ಮದೇ ಅಲ್ವೇನಮ್ಮ ಅಂದರು. ಅವರಿಗೂ ಶೆಡ್ಯೂಲು ಗೊತ್ತು ನೋಡಿ! ಇಡೀ ಅಪಾರ್ಟ್‌ಮೆಂಟಿನ ಮಕ್ಕಳು ಬಂದು ಆ ಹಸುವಿಗೆ ಬಾಳೆಹಣ್ಣು ತಿನ್ನಿಸಿದವು. ಮೇಲೆ ಗ್ಯಾಸ್ ಕನೆಕ್ಷನ್ ಇನ್ನೂ ಬಂದಿರಲಿಲ್ಲ, ಎದುರು ಮನೆಯವರು ತಮ್ಮ ಸ್ಟೌವು, ಸಿಲಿಂಡರು ತಂದಿಟ್ಟರು. ಅದರ ಮೇಲೇ ಹಾಲು ಉಕ್ಕಿತು.

ನಿಮ್ಮ ಮಗ ನೋಡಿರೋದು ಹೊಸ ಕಟ್ಟಡ ಅಂದಿರಲ್ಲ? ಹಾಗಾದರೆ ಮೊದಲು ಒ.ಸಿ., ಅಂದರೆ ಸ್ವಾಧೀನಾನುಭವ ಪತ್ರ ಇದೆಯಾ ಅಂತ ಕೇಳಲಿ. ಅದಿಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನ ನೋಡಿಯೇ ಸಾಲ ಕೊಡಬೇಕು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರುತ್ತೆ, ಬಂದೇ ಬರುತ್ತೆ ಅಂತ ಬಿಲ್ಡರ್ ಹೇಳಿದರೆ, ಬಂದ ಮೇಲೇ ಅಡ್ವಾನ್ಸು ಕೊಡ್ತೀನಿ ಅನ್ನಲಿ. ಇ-ಖಾತೆಯೂ ನೋಡಲಿ. ಈ ಶನಿವಾರ ಅವನು ಮೈಸೂರಿಗೆ ಬಂದರೆ ಪತ್ರದ ಕಟ್ಟು ತರೋಕೆ ಹೇಳಿ, ಇಬ್ಬರೂ ಕೂತು ಓದೋಣ. ವಕೀಲರ ನಂಬರು ನನ್ನ ಹತ್ತಿರ ಇದೆ. ಏನಂದ್ರಿ, ಕುಕ್ಕರ್ ಕೂಗಿತಾ? ಹೋಗಿ ಹೋಗಿ, ಅವನು ಬಂದ ತಕ್ಷಣ ಒಂದು ಕೂಗು ಹಾಕಿ, ಆಯ್ತಾ?